8 ಎಂಬಿ ಫ್ಲ್ಯಾಷ್, 64 ಎಂಬಿ ರ‍್ಯಾಮ್ ಇರುವ ಚಿಕ್ಕ ರೂಟರಿಗೆ ಓಪನ್‌ಡಬ್ಲ್ಯೂಆರ್‌ಟಿ: ಜಾಗ ಸಾಲದಿದ್ದರೆ ಏನು ಮಾಡಬೇಕು?

ಬರೆದವರು: ಕಿರುಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಎಂಟಿ7628 ಚಿಪ್ ಇರುವ ಒಂದು ಚಿಕ್ಕ ರೂಟರ್ ಇದೆ. ಅದರಲ್ಲಿ 580 ಮೆಗಾಹರ್ಟ್ಸ್ ವೇಗದ, ಒಂದೇ ಕೋರ್‌ನ ಮಿಪ್ಸ್ ಪ್ರೊಸೆಸರ್, 8 ಎಂಬಿ ಫ್ಲ್ಯಾಷ್ (ವಿದ್ಯುತ್ ಹೋದರೂ ಅಳಿಯದ ಸಂಗ್ರಹ), 64 ಎಂಬಿ ರ‍್ಯಾಮ್ ಮತ್ತು ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ಐದು ಈಥರ್ನೆಟ್ ಪೋರ್ಟುಗಳಿವೆ. ತಯಾರಕರು ಇದಕ್ಕೆ ಹೊಸ ಫರ್ಮ್‌ವೇರ್ (ಯಂತ್ರವನ್ನು ನಡೆಸುವ ತಂತ್ರಾಂಶ) ಕೊಡುವುದನ್ನು ನಿಲ್ಲಿಸಿ ಹಲವು ವರ್ಷಗಳಾದವು. ಯಂತ್ರಕ್ಕೆ ಏನೂ ಆಗಿಲ್ಲ, ತಿಂಗಳುಗಟ್ಟಲೆ ಆರಿಸದೆ ಇಟ್ಟರೂ ತಡವರಿಸುವುದಿಲ್ಲ. ಆದರೆ ಭದ್ರತಾ ತಿದ್ದುಪಡಿಗಳು ಬಾರದ ಪೆಟ್ಟಿಗೆಯನ್ನು ಇಡೀ ಜಾಲದ ಹೆಬ್ಬಾಗಿಲಿಗೆ ಕಾವಲು ನಿಲ್ಲಿಸುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ, ಚೆನ್ನಾಗಿ ಓಡುವ ಯಂತ್ರವನ್ನು ಎಸೆಯುವುದಕ್ಕೂ ಒಪ್ಪುತ್ತಿಲ್ಲ.

ಹಾಗಾಗಿ ರೂಟರುಗಳಿಗೆಂದೇ ಇರುವ, ಲಿನಕ್ಸ್ ಆಧಾರಿತ ಮುಕ್ತ ಫರ್ಮ್‌ವೇರ್ ಆದ ಓಪನ್‌ಡಬ್ಲ್ಯೂಆರ್‌ಟಿಯ 24.10 ಆವೃತ್ತಿಯನ್ನು ಹಾಕಬೇಕೆಂದಿದ್ದೇನೆ. ನನ್ನ ಮಾದರಿಯ ಹೆಸರು ಬೆಂಬಲಿತ ಯಂತ್ರಗಳ ಪಟ್ಟಿಯಲ್ಲಿದೆ. ಸಾಧ್ಯವಾದರೆ, ಹೊರಗಿನಿಂದ ಒಳಜಾಲಕ್ಕೆ ಗೂಢಲಿಪಿಯ ಸುರಂಗ ಕಟ್ಟುವ ವೈರ್‌ಗಾರ್ಡ್ ಎಂಬ ವಿಪಿಎನ್ ಸಹ ಬೇಕು. ಲಿನಕ್ಸ್ ಬಳಸಿ ಅಭ್ಯಾಸವಿದೆ, ಆದರೆ ಇಷ್ಟು ಸಣ್ಣ ಯಂತ್ರದೊಳಗೆ ಹೀಗೆ ಕೈ ಹಾಕುತ್ತಿರುವುದು ಇದೇ ಮೊದಲು. ಫರ್ಮ್‌ವೇರ್ ಬರೆಯುವ ಗುಂಡಿಯನ್ನು ಒತ್ತುವ ಮುನ್ನ ನಾನು ಏನನ್ನು ಖಚಿತಪಡಿಸಿಕೊಳ್ಳಬೇಕು?

ಬರೆದವರು: ತಾಮ್ರತಂತಿ

ಮೊದಲು ರೂಟರನ್ನು ಮಗುಚಿ, ಅಡಿಯಲ್ಲಿ ಅಂಟಿಸಿರುವ ಚೀಟಿಯನ್ನು ಓದಿ. ಮಾದರಿಯ ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಪರಿಷ್ಕರಣೆಯ ಸಂಖ್ಯೆ ಇರುತ್ತದೆ, ಮೊದಲನೆಯದೋ ಎರಡನೆಯದೋ ನಾಲ್ಕನೆಯದೋ ಎಂದು. ಒಂದೇ ಹೆಸರಿನಲ್ಲಿ, ಒಂದೇ ಹೊರಕವಚದಲ್ಲಿ ಮಾರಾಟವಾಗುವ ಎರಡು ಪರಿಷ್ಕರಣೆಗಳ ಒಳಗೆ ಬೇರೆ ಬೇರೆ ಚಿಪ್‌ಗಳು, ಬೇರೆ ಬೇರೆ ಅಳತೆಯ ಫ್ಲ್ಯಾಷ್ ಇರುವುದು ಸಾಮಾನ್ಯ. ಇದು ಇಂದಿನ ಕಥೆಯೂ ಅಲ್ಲ. ಓಪನ್‌ಡಬ್ಲ್ಯೂಆರ್‌ಟಿ 2004ರಲ್ಲಿ ಹುಟ್ಟಿದ್ದು ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ಎಂಬ ರೂಟರಿನ ಮೂಲ ಸಂಕೇತ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಹೊರಬಂದದ್ದರಿಂದ. ಅದೇ ರೂಟರಿನ ಐದನೆಯ ಪರಿಷ್ಕರಣೆ ಬಂದಾಗ ಫ್ಲ್ಯಾಷ್ 4ರಿಂದ 2 ಎಂಬಿಗೂ ರ‍್ಯಾಮ್ 16ರಿಂದ 8 ಎಂಬಿಗೂ ಇಳಿದಿತ್ತು, ಒಳಗೆ ಲಿನಕ್ಸ್ ಇರಲಿಲ್ಲ. ಲಿನಕ್ಸ್ ಬೇಕೆನ್ನುವವರಿಗಾಗಿ ಡಬ್ಲ್ಯೂಆರ್‌ಟಿ54ಜಿಎಲ್ ಎಂಬ ಬೇರೊಂದು ಮಾದರಿಯೇ ಬಂತು. ಹೊರಗಿನ ಹೆಸರನ್ನು ನಂಬಬಾರದೆಂಬ ಪಾಠ ಈ ಯೋಜನೆಗೆ ಅದರ ಜನ್ಮದಾತ ಯಂತ್ರದಿಂದಲೇ ಸಿಕ್ಕಿತು.

ಎರಡನೆಯದಾಗಿ, ನಿಮ್ಮ ಯಂತ್ರ ಗಡಿಯ ಮೇಲಿದೆ. 8 ಎಂಬಿ ಫ್ಲ್ಯಾಷ್ ಮತ್ತು 64 ಎಂಬಿ ರ‍್ಯಾಮ್ ಎಂಬುದು ಈಗ ಕನಿಷ್ಠ ಅಗತ್ಯ. ಯೋಜನೆಯವರೇ 16 ಎಂಬಿ ಮತ್ತು 128 ಎಂಬಿಗಿಂತ ಕಡಿಮೆ ಇರುವುದನ್ನು ಹೊಸದಾಗಿ ಕೊಳ್ಳಬೇಡಿ ಎನ್ನುತ್ತಾರೆ. ಕೈಯಲ್ಲಿರುವ ಯಂತ್ರಕ್ಕೆ ಹಾಕಬಹುದು, ತಪ್ಪೇನಿಲ್ಲ. ಆದರೆ ಪ್ರತಿ ಕಿಲೋಬೈಟನ್ನೂ ಎಣಿಸಿ ಖರ್ಚು ಮಾಡಬೇಕಾಗುತ್ತದೆ.

ಇನ್ನೊಂದು ಮಾತು. ನಿಮಗೆ ಎರಡು ಬಗೆಯ ಇಮೇಜ್‌ಗಳು, ಅಂದರೆ ಫ್ಲ್ಯಾಷ್‌ಗೆ ಬರೆಯಬೇಕಾದ ಫರ್ಮ್‌ವೇರ್ ಕಡತಗಳು, ಕಾಣಿಸುತ್ತವೆ. ತಯಾರಕರ ಮೂಲ ಫರ್ಮ್‌ವೇರ್‌ನ ಪುಟದಿಂದ ಏರಿಸುವುದಕ್ಕೆ ಫ್ಯಾಕ್ಟರಿ ಇಮೇಜ್. ಓಪನ್‌ಡಬ್ಲ್ಯೂಆರ್‌ಟಿ ಈಗಾಗಲೇ ಕೂತಿರುವ ಯಂತ್ರವನ್ನು ಮೇಲ್ದರ್ಜೆಗೆ ಏರಿಸುವುದಕ್ಕೆ ಸಿಸ್‌ಅಪ್‌ಗ್ರೇಡ್ ಇಮೇಜ್. ಕೆಲವು ಮಾದರಿಗಳಿಗೆ ಮೊದಲನೆಯದು ಇರುವುದೇ ಇಲ್ಲ. ಅಂಥವುಗಳಿಗೆ ಬೂಟ್‌ಲೋಡರ್‌ನ (ಯಂತ್ರ ಹಚ್ಚಿದೊಡನೆ ಮೊದಲು ನಡೆಯುವ ಚಿಕ್ಕ ತಂತ್ರಾಂಶ) ಮೂಲಕವೇ ಹೋಗಬೇಕು. ಇಳಿಸಿಕೊಂಡ ಕಡತ ಸರಿಯಾಗಿ ಬಂದಿದೆಯೇ ಎಂದು ತಿಳಿಸುವ ಎಸ್‌ಎಚ್‌ಎ256 ಮೊತ್ತವನ್ನು ತಾಳೆ ನೋಡದೆ ಮುಂದುವರಿಯಬೇಡಿ, ಮತ್ತು ಏರಿಸುವಾಗ ತಂತಿಯ ಸಂಪರ್ಕವನ್ನಷ್ಟೇ ಬಳಸಿ.

ಬರೆದವರು: ಬೂಟುಹಾದಿ

ಮೇಲಿನ ಮಾತುಗಳಿಗೆ ನನ್ನ ಸಹಮತವಿದೆ, ಆದರೆ ಕ್ರಮವನ್ನು ಸ್ವಲ್ಪ ಬದಲಿಸುತ್ತೇನೆ. ಹೊಸದನ್ನು ಹಾಕುವ ಹಾದಿಗಿಂತ ಮುಂಚೆ ಹಿಂದಿರುಗುವ ಹಾದಿಯನ್ನು ಸಿದ್ಧಪಡಿಸಿಕೊಳ್ಳಿ.

ಎರಡು ವರ್ಷಗಳ ಹಿಂದೆ ನಿಮ್ಮದೇ ಚಿಪ್ ಇದ್ದ ಒಂದು ರೂಟರಿಗೆ ನಾನು ಪಕ್ಕದ ಪರಿಷ್ಕರಣೆಯ ಇಮೇಜನ್ನು ಹಾಕಿದೆ. ಇದು ಈ ಯಂತ್ರಕ್ಕೆ ಸೇರಿದ್ದಲ್ಲ ಎಂದು ಸಿಸ್‌ಅಪ್‌ಗ್ರೇಡ್ ಸ್ಪಷ್ಟವಾಗಿ ಹೇಳಿತ್ತು. ಆದರೂ ನಾನು ಒತ್ತಾಯದ ಆಯ್ಕೆಯನ್ನು ಸೇರಿಸಿ ಬರೆಸಿದೆ. ಆಮೇಲೆ ದೀಪ ಮಿನುಗುತ್ತಲೇ ಇತ್ತು, ಯಂತ್ರ ಏಳಲಿಲ್ಲ. ಆ ಎಚ್ಚರಿಕೆಯನ್ನು ಮೀರಿದ್ದು ಸಂಪೂರ್ಣವಾಗಿ ನನ್ನ ತಪ್ಪು. ಹೊಸಬರು ಯಾರೂ ಆ ಆಯ್ಕೆಯನ್ನು ಮುಟ್ಟಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕವಚ ತೆರೆದಾಗ ಬೋರ್ಡಿನ ಅಂಚಿನಲ್ಲಿ ಸಾಲಾಗಿ ನಾಲ್ಕು ಸಣ್ಣ ರಂಧ್ರಗಳು ಕಂಡವು. ಅದೇ ಸೀರಿಯಲ್ ಪೋರ್ಟ್, ಬೂಟ್‌ಲೋಡರ್ ಜೊತೆ ಗಣಕದಿಂದ ನೇರವಾಗಿ ಮಾತನಾಡುವ ದಾರಿ. ಅಲ್ಲಿನ ಸಂಕೇತದ ವೋಲ್ಟೇಜ್ 3.3. ಹಳೆಯ ಗಣಕಗಳ ಆರ್‌ಎಸ್-232 ಪೋರ್ಟನ್ನು ನೇರವಾಗಿ ಜೋಡಿಸಿದರೆ ಚಿಪ್ ಸುಟ್ಟುಹೋಗುತ್ತದೆ, ಆದ್ದರಿಂದ 3.3 ವೋಲ್ಟಿನ ಯುಎಸ್‌ಬಿ ಅಡಾಪ್ಟರ್ ಬೇಕು. ಮಲ್ಟಿಮೀಟರಿನಿಂದ ಗ್ರೌಂಡ್ ಯಾವುದೆಂದು ಪತ್ತೆ ಮಾಡಿ, ಕಳುಹಿಸುವ ತಂತಿಯನ್ನು ಸ್ವೀಕರಿಸುವ ಕಾಲಿಗೂ ಸ್ವೀಕರಿಸುವುದನ್ನು ಕಳುಹಿಸುವ ಕಾಲಿಗೂ ಅಡ್ಡಡ್ಡ ಜೋಡಿಸಿದೆ. ವಿದ್ಯುತ್ ಪೂರೈಸುವ ನಾಲ್ಕನೆಯ ಕಾಲನ್ನು ಜೋಡಿಸುವ ಅಗತ್ಯವಿಲ್ಲ, ಜೋಡಿಸಲೂಬಾರದು. ರೂಟರಿಗೆ ಅದರದೇ ವಿದ್ಯುತ್ ಮೂಲ ಇದೆ.

ಆ ಪೋರ್ಟನ್ನು ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ತೆರೆದಾಗ ತೆರೆಯ ಮೇಲೆ ಅರ್ಥವಿಲ್ಲದ ಅಕ್ಷರಗಳಷ್ಟೇ ಸುರಿದವು. ತಂತಿ ಸಡಿಲವಾಗಿದೆಯೆಂದು ಒಂದು ಗಂಟೆ ಕಾಲ ಬೆಸುಗೆಯನ್ನೇ ಪರೀಕ್ಷಿಸಿದೆ. ಕೊನೆಗೆ ವೇಗವನ್ನು 57600ಕ್ಕೆ ಇಳಿಸಿದೊಡನೆ ಸಾಲುಗಳು ಸ್ಫುಟವಾದವು. ಈ ಚಿಪ್‌ನ ವಂಶದಲ್ಲಿ 57600 ಬಹಳ ಸಾಮಾನ್ಯ ಎಂಬುದು ಆಮೇಲೆ ತಿಳಿಯಿತು. ಬೂಟ್‌ಲೋಡರ್ ಒಂದು ವೇಗದಲ್ಲಿ, ಕರ್ನಲ್ (ಲಿನಕ್ಸ್‌ನ ತಿರುಳು) ಇನ್ನೊಂದು ವೇಗದಲ್ಲಿ ಮಾತನಾಡುವ ಯಂತ್ರಗಳೂ ಇವೆ.

ಯು-ಬೂಟ್ ಎಂಬ ಬೂಟ್‌ಲೋಡರ್‌ನ ಮೆನುವಿನಲ್ಲಿ 1 ಒತ್ತಿದರೆ ಟಿಎಫ್‌ಟಿಪಿ (ಜಾಲದಲ್ಲಿ ಕಡತ ಸಾಗಿಸುವ ಸರಳ ವಿಧಾನ) ಮೂಲಕ ಇಮೇಜ್ ರ‍್ಯಾಮ್‌ಗೆ ಮಾತ್ರ ಬರುತ್ತದೆ, 2 ಒತ್ತಿದರೆ ಫ್ಲ್ಯಾಷ್‌ಗೆ ಬರೆಯಲ್ಪಡುತ್ತದೆ, 4 ಒತ್ತಿದರೆ ಆಜ್ಞೆಗಳ ಸಾಲು, 9 ಒತ್ತಿದರೆ ಬೂಟ್‌ಲೋಡರ್ ತನ್ನ ಮೇಲೆ ತಾನೇ ಬರೆದುಕೊಳ್ಳುತ್ತದೆ. ಕೆಲವು ತಯಾರಕರು ಈ ಮೆನುವನ್ನು ಬದಲಿಸಿರುತ್ತಾರೆ, ಆದ್ದರಿಂದ ಒತ್ತುವ ಮುನ್ನ ಓದಿ. ನಾನು 1ನ್ನು ಆರಿಸಿ, ಇನಿಟ್‌ರ‍್ಯಾಮ್‌ಎಫ್‌ಎಸ್ ಇಮೇಜನ್ನು ರ‍್ಯಾಮ್‌ನಲ್ಲೇ ಏಳಿಸಿದೆ. ಅದು ಸರಿಯಾಗಿ ಎದ್ದು, ಈಥರ್ನೆಟ್ ಕೆಲಸ ಮಾಡುತ್ತಿದೆಯೆಂದು ನೋಡಿದ ಮೇಲೆ ಅದರೊಳಗಿನಿಂದಲೇ ಸರಿಯಾದ ಸಿಸ್‌ಅಪ್‌ಗ್ರೇಡ್ ಇಮೇಜನ್ನು ಬರೆಸಿದೆ. ಈ ವಿಧಾನ ನನಗೆ ಬಹಳ ಪ್ರಿಯವಾದದ್ದು: ಫ್ಲ್ಯಾಷ್‌ನ ಒಂದು ಬೈಟನ್ನೂ ಮುಟ್ಟದೆ, ಹೊಸ ವ್ಯವಸ್ಥೆ ನಿಮ್ಮ ಯಂತ್ರದ ಮೇಲೆ ನಡೆಯುತ್ತದೆಯೇ ಎಂದು ಮೊದಲೇ ತಿಳಿಯಬಹುದು. 9ನೆಯ ಆಯ್ಕೆಯ ಬಳಿ ಬೆರಳು ಹೋಗಕೂಡದು. ಬೂಟ್‌ಲೋಡರ್ ಉಳಿದಿರುವವರೆಗೆ ಯಂತ್ರ ಸತ್ತಿಲ್ಲ. ಅದೂ ಅಳಿದರೆ ಫ್ಲ್ಯಾಷ್ ಚಿಪ್‌ಗೆ ಹೊರಗಿನಿಂದ ಕ್ಲಿಪ್ ಹಾಕಿ ಬರೆಯುವ ಸಾಧನವೇ ಬೇಕಾಗುತ್ತದೆ.

ಬರೆದವರು: ಸಾಲುಗಣ್ಣು

ಹಿಂದಿರುಗುವ ಹಾದಿಯ ವಿಷಯಕ್ಕೆ ಒಂದು ಸೇರ್ಪಡೆ. ಇಮೇಜನ್ನು ಮತ್ತೆ ಇಳಿಸಿಕೊಳ್ಳಬಹುದು, ಬೂಟ್‌ಲೋಡರನ್ನೂ ಬಹಳಷ್ಟು ಸಲ ಎಲ್ಲಿಂದಲಾದರೂ ಹೊಂದಿಸಿಕೊಳ್ಳಬಹುದು. ಆದರೆ ಫ್ಲ್ಯಾಷ್‌ನಲ್ಲಿ ಫ್ಯಾಕ್ಟರಿ ಎಂಬ ಒಂದು ಪುಟ್ಟ ವಿಭಾಗವಿದೆ. ನಿಮ್ಮ ಬೋರ್ಡಿನ ರೇಡಿಯೊವನ್ನು ಕಾರ್ಖಾನೆಯಲ್ಲಿ ಅಳೆದು ಬರೆದಿಟ್ಟ ಕ್ಯಾಲಿಬ್ರೇಷನ್ ಮಾಹಿತಿ ಮತ್ತು ಮ್ಯಾಕ್ ವಿಳಾಸಗಳು ಅದರೊಳಗಿರುತ್ತವೆ. ಆ ಅಳತೆ ನಿಮ್ಮ ಬೋರ್ಡಿಗೆ ಮಾತ್ರ ಸೇರಿದ್ದು, ಜಗತ್ತಿನ ಬೇರೆ ಯಾವ ಕಡೆಯಿಂದಲೂ ಅದನ್ನು ತರಲಾಗದು. ಅದು ಕಳೆದುಹೋದರೆ ವೈಫೈ ಏಳುವುದಿಲ್ಲ, ಎದ್ದರೂ ಸಂಕೇತ ದುರ್ಬಲವಾಗಿರುತ್ತದೆ.

ಆದ್ದರಿಂದ ಓಪನ್‌ಡಬ್ಲ್ಯೂಆರ್‌ಟಿ ರ‍್ಯಾಮ್‌ನಲ್ಲಿ ಎದ್ದ ಕೂಡಲೇ, ಬೇರೇನೂ ಮಾಡುವ ಮುನ್ನ, ಎಂಟಿಡಿ ಎಂದು ಕರೆಯುವ ಫ್ಲ್ಯಾಷ್ ವಿಭಾಗಗಳ ಪಟ್ಟಿಯನ್ನು ತೆರೆದು ನೋಡಿ, ಪ್ರತಿಯೊಂದನ್ನೂ ತಾತ್ಕಾಲಿಕ ಕೋಶಕ್ಕೆ ನಕಲಿಸಿ, ಎಸ್‌ಎಸ್‌ಎಚ್ ಮೂಲಕ ನಿಮ್ಮ ಗಣಕಕ್ಕೆ ತನ್ನಿ. ಇಡೀ ಫ್ಲ್ಯಾಷ್ 8 ಎಂಬಿ ಅಷ್ಟೆ, ಒಂದೆರಡು ನಿಮಿಷದ ಕೆಲಸ. ನಕಲನ್ನು ಎರಡು ಕಡೆ ಇಡಿ. ನಿಮ್ಮದು ನಾರ್ ಎಂಬ ಬಗೆಯ ಫ್ಲ್ಯಾಷ್ ಆಗಿರುವುದರಿಂದ ನೇರ ನಕಲು ಸಾಕು. ನ್ಯಾಂಡ್ ಫ್ಲ್ಯಾಷ್ ಇರುವ ಯಂತ್ರಗಳಲ್ಲಿ ಕೆಟ್ಟ ಖಂಡಗಳ ಲೆಕ್ಕವೂ ಬರುವುದರಿಂದ ಅಲ್ಲಿನ ವಿಧಾನ ಬೇರೆ.

ಬರೆದವರು: ಕಿರುಪೆಟ್ಟಿಗೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದ ಕ್ರಮದಲ್ಲೇ ನಡೆದೆ. ಚೀಟಿಯಲ್ಲಿದ್ದದ್ದು ನಾನು ಅಂದುಕೊಂಡಿದ್ದ ಪರಿಷ್ಕರಣೆಯಲ್ಲ, ಅದರ ಮುಂದಿನದು. ಓದದೆ ಹೋಗಿದ್ದರೆ ನಾನೂ ತಪ್ಪು ಇಮೇಜನ್ನೇ ಹಾಕುತ್ತಿದ್ದೆ. ಸೀರಿಯಲ್ ತಂತಿ ಜೋಡಿಸಿ, 57600 ವೇಗದಲ್ಲಿ ಮೊದಲ ಪ್ರಯತ್ನಕ್ಕೇ ಮೆನು ಕಂಡಾಗ ಆದ ಸಂತೋಷವನ್ನು ಹೇಳಲಾರೆ. ರ‍್ಯಾಮ್‌ನಲ್ಲಿ ಏಳಿಸಿ, ಎಲ್ಲ ವಿಭಾಗಗಳ ನಕಲು ತೆಗೆದು, ಅಧಿಕೃತ ಇಮೇಜನ್ನು ಬರೆಸಿದೆ.

ಒಂದೇ ಒಂದು ಗೊಂದಲ ಎದುರಾಯಿತು. ಹೊಸ ವ್ಯವಸ್ಥೆಯ ವಿಳಾಸ 192.168.1.1, ನನ್ನ ಮೋಡೆಮ್‌ನ ವಿಳಾಸವೂ ಅದೇ. ಎರಡನ್ನೂ ಜೋಡಿಸಿದಾಗ ಅಂತರ್ಜಾಲ ಬರಲಿಲ್ಲ. ರೂಟರಿನ ಒಳಜಾಲವನ್ನು 192.168.10.1ಕ್ಕೆ ಬದಲಿಸಿದ ಮೇಲೆ ಸರಿಹೋಯಿತು. ವೈಫೈ ಮೊದಲಿಗೆ ಆಫ್ ಆಗಿರುತ್ತದೆ, ರೂಟ್ ಬಳಕೆದಾರನಿಗೆ ಗುಪ್ತಪದ ಇರುವುದಿಲ್ಲ ಎಂಬುದನ್ನು ಮೊದಲೇ ಓದಿದ್ದರಿಂದ ಗಾಬರಿಯಾಗಲಿಲ್ಲ. ಗುಪ್ತಪದ ಇಟ್ಟು, ದೇಶದ ಸಂಕೇತ ಕೊಟ್ಟು, ವೈಫೈ ಹಚ್ಚಿದೆ.

ಈಗ ನಿಜವಾದ ತೊಡಕು. ನನ್ನ ಬದಲಾವಣೆಗಳನ್ನು ಬರೆದಿಡುವ ಓವರ್‌ಲೇ ವಿಭಾಗದ ಒಟ್ಟು ಅಳತೆ 704 ಕಿಲೋಬೈಟ್ ಎಂದು ತೋರಿಸುತ್ತಿದೆ, ಅದರಲ್ಲಿ ಖಾಲಿ ಇರುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ವೈರ್‌ಗಾರ್ಡ್ ಮತ್ತು ಅದರ ಲೂಸಿ (ಬ್ರೌಸರಿನಲ್ಲಿ ತೆರೆಯುವ ನಿರ್ವಹಣಾ ಮುಖಪುಟ) ಪುಟವನ್ನು ಪ್ಯಾಕೇಜ್ ಹಾಕುವ ಸಾಧನವಾದ ಓಪಿಕೆಜಿಯಿಂದ ಹಾಕಲು ಹೋದಾಗ ಜಾಗವಿಲ್ಲವೆಂದು ಅರ್ಧಕ್ಕೆ ನಿಂತಿತು. ಸೇವೆ ಕೊಡುವವರೊಂದಿಗೆ ಸಂಪರ್ಕ ಸಾಧಿಸುವ, ನನಗೆ ಬೇಡದ ಪಿಪಿಪಿ ಪ್ಯಾಕೇಜುಗಳನ್ನು ತೆಗೆದುಹಾಕಿದೆ. ಆಶ್ಚರ್ಯವೆಂದರೆ ಖಾಲಿ ಜಾಗ ಹೆಚ್ಚಾಗುವ ಬದಲು ತುಸು ಕಡಿಮೆಯಾಯಿತು! ತೆಗೆದರೂ ಜಾಗ ಸಿಗುವುದಿಲ್ಲವೆಂದರೆ ಏನರ್ಥ?

ಬರೆದವರು: ತಾಮ್ರತಂತಿ

ಇದು ಪ್ರತಿಯೊಬ್ಬ ಹೊಸಬರೂ ಎಡವುವ ಕಲ್ಲು, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ.

ಫ್ಲ್ಯಾಷ್‌ನಲ್ಲಿ ಫರ್ಮ್‌ವೇರ್‌ಗೆಂದು ಮೀಸಲಾದ ಜಾಗದ ಆರಂಭದಲ್ಲಿ ಕರ್ನಲ್ ಇರುತ್ತದೆ, ಅದರ ಬೆನ್ನಿಗೆ ಸ್ಕ್ವಾಷ್‌ಎಫ್‌ಎಸ್ ಎಂಬ, ಓದಲು ಮಾತ್ರ ಬರುವ ಕಡತ ವ್ಯವಸ್ಥೆ ಇರುತ್ತದೆ, ಇವೆರಡೂ ಮುಗಿದ ಮೇಲೆ ಉಳಿದದ್ದರಲ್ಲಿ ಜೆಎಫ್‌ಎಫ್‌ಎಸ್2 ಎಂಬ ಬರೆಯಬಲ್ಲ ವ್ಯವಸ್ಥೆ ಇರುತ್ತದೆ, ನೀವು ನೋಡಿದ ಓವರ್‌ಲೇ ಇದೇ. ಸ್ಕ್ವಾಷ್‌ಎಫ್‌ಎಸ್ ಅನ್ನು ಶಿಲಾಶಾಸನವೆಂದೂ ಜೆಎಫ್‌ಎಫ್‌ಎಸ್2 ಅನ್ನು ಅದರ ಮುಂದೆ ಹಿಡಿದ ಗಾಜಿನ ಹಲಗೆಯೆಂದೂ ಭಾವಿಸಿ. ಓದುವವರಿಗೆ ಎರಡೂ ಸೇರಿ ಒಂದೇ ಬರಹದಂತೆ ಕಾಣುತ್ತದೆ. ನೀವು ಯಾವುದಾದರೂ ಕಡತವನ್ನು ತಿದ್ದಿದರೆ ತಿದ್ದಿದ ಪ್ರತಿ ಗಾಜಿನ ಮೇಲೆ ಮೂಡಿ, ಹಿಂದಿನ ಕಲ್ಲಿನ ಅಕ್ಷರವನ್ನು ಮರೆಮಾಡುತ್ತದೆ. ಕಲ್ಲಿನಲ್ಲಿರುವುದನ್ನು ಅಳಿಸಿದರೆ, ಅದು ಇಲ್ಲವೆಂದು ಸಾರುವ ಒಂದು ಗುರುತು ಗಾಜಿನ ಮೇಲೆ ಬೀಳುತ್ತದೆಯೇ ಹೊರತು ಕಲ್ಲು ಕರಗುವುದಿಲ್ಲ. ಆ ಗುರುತಿಗೂ, ಪ್ಯಾಕೇಜುಗಳ ಪಟ್ಟಿಯ ಹೊಸ ಪ್ರತಿಗೂ ಗಾಜಿನ ಮೇಲೆಯೇ ಜಾಗ ಬೇಕು. ಪಿಪಿಪಿ ತೆಗೆದಾಗ ನಿಮ್ಮ ಜಾಗ ಕಡಿಮೆಯಾದದ್ದು ಇದರಿಂದ.

ಇದರಿಂದ ದೊಡ್ಡ ಲಾಭವೂ ಇದೆ. ಸಂರಚನೆ ಎಷ್ಟೇ ಕೆಟ್ಟರೂ ಗಾಜನ್ನು ಒರೆಸಿದರೆ ಸಾಕು, ಶಾಸನ ಹಾಗೆಯೇ ಉಳಿದಿರುತ್ತದೆ. ಬೂಟ್ ಆಗುವಾಗ ದೀಪ ವೇಗವಾಗಿ ಮಿನುಗತೊಡಗಿದ ಕ್ಷಣದಲ್ಲಿ ಗುಂಡಿಯನ್ನು ಒತ್ತಿ ಫೇಲ್‌ಸೇಫ್ ಸ್ಥಿತಿಗೆ ಹೋಗಬಹುದು. ಆಗ ಗಾಜನ್ನು ಬದಿಗಿಟ್ಟು, ಕಲ್ಲನ್ನಷ್ಟೇ ಓದಿ ಯಂತ್ರ ಏಳುತ್ತದೆ.

ನಿಮ್ಮ ತೊಡಕಿಗೆ ಉತ್ತರ ಇಮೇಜ್ ಬಿಲ್ಡರ್. ಇದು ಮೂಲ ಸಂಕೇತವನ್ನು ಕಂಪೈಲ್ ಮಾಡುವ ಸಾಧನವಲ್ಲ. ಈಗಾಗಲೇ ಕಂಪೈಲ್ ಆಗಿರುವ ಪ್ಯಾಕೇಜುಗಳನ್ನು ಜೋಡಿಸಿ ನಿಮಗೆ ಬೇಕಾದ ಇಮೇಜನ್ನು ಕೆಲವೇ ನಿಮಿಷಗಳಲ್ಲಿ ಕೊಡುತ್ತದೆ. ಬೇಕಾದ ಪ್ಯಾಕೇಜಿನ ಹೆಸರನ್ನು ಬರೆಯಿರಿ, ಬೇಡದ್ದರ ಹೆಸರಿನ ಮೊದಲ ಅಕ್ಷರಕ್ಕೂ ಮುಂಚೆ ಕಳೆಯುವ ಚಿಹ್ನೆ ಹಾಕಿ. ಹೀಗೆ ತೆಗೆದದ್ದು ಕಲ್ಲಿನಲ್ಲೇ ಕೆತ್ತಲ್ಪಡುವುದಿಲ್ಲವಾದ್ದರಿಂದ ಜಾಗ ನಿಜವಾಗಿ ಉಳಿಯುತ್ತದೆ. ಜೊತೆಗೆ ಸ್ಕ್ವಾಷ್‌ಎಫ್‌ಎಸ್ ಬಳಸುವ ಎಕ್ಸ್‌ಝಡ್ ಸಂಕೋಚನವು ಜೆಎಫ್‌ಎಫ್‌ಎಸ್2ರ ಸಂಕೋಚನಕ್ಕಿಂತ ಬಹಳ ಬಿಗಿಯಾದದ್ದು. ಅದೇ ವೈರ್‌ಗಾರ್ಡ್ ಗಾಜಿನ ಮೇಲೆ ಹಿಡಿಸದಿದ್ದರೂ ಕಲ್ಲಿನೊಳಗೆ ಹಿಡಿಸಬಹುದು.

ಬರೆದವರು: ಕಿರುಪೆಟ್ಟಿಗೆ

ಶಾಸನದ ಹೋಲಿಕೆ ಓದಿದೊಡನೆ ಎಲ್ಲ ಸ್ಪಷ್ಟವಾಯಿತು. ಇಮೇಜ್ ಬಿಲ್ಡರ್‌ನಿಂದ ಹೊಸ ಇಮೇಜನ್ನು ಕಟ್ಟಿದೆ. ಆದರೆ ನಾನು ಉತ್ಸಾಹದಲ್ಲಿ ವೈರ್‌ಗಾರ್ಡ್ ಅಲ್ಲದೆ ಎಸ್‌ಕ್ಯೂಎಂ (ದಟ್ಟಣೆಯಲ್ಲಿ ವಿಳಂಬ ತಗ್ಗಿಸುವ ಪ್ಯಾಕೇಜ್) ಮತ್ತು ಅಂಕಿಅಂಶಗಳನ್ನು ತೋರಿಸುವ ಲೂಸಿ ಪುಟಗಳನ್ನೂ ಸೇರಿಸಿದ್ದೆ. ಇಮೇಜ್ ಯಾವ ದೂರೂ ಇಲ್ಲದೆ ಕಟ್ಟಲ್ಪಟ್ಟಿತು, ಯಂತ್ರವೂ ಎದ್ದಿತು. ಎಲ್ಲವನ್ನೂ ಹೊಂದಿಸಿದೆ, ಸುರಂಗ ಏರ್ಪಟ್ಟಿತು. ರಾತ್ರಿ ವಿದ್ಯುತ್ ಹೋಗಿ ಬಂದ ಮೇಲೆ ನೋಡಿದರೆ ಗುಪ್ತಪದವಿಲ್ಲ, ವೈಫೈ ಇಲ್ಲ, ನಾನು ಬರೆದ ಒಂದು ಸಾಲೂ ಇಲ್ಲ. ಮತ್ತೆ ಹೊಂದಿಸಿ, ಮತ್ತೆ ಆರಿಸಿ ಹಚ್ಚಿದೆ. ಮತ್ತೆ ಎಲ್ಲ ಮಾಯ. ಫ್ಲ್ಯಾಷ್ ಚಿಪ್ ಹಾಳಾಗಿದೆಯೇ?

ಬರೆದವರು: ಸಾಲುಗಣ್ಣು

ಚಿಪ್ ಹಾಳಾಗಿರಲಾರದು. ಕರ್ನಲ್‌ನ ಸಂದೇಶಗಳಲ್ಲಿ ಜೆಎಫ್‌ಎಫ್‌ಎಸ್2 ಎಂದು ಹುಡುಕಿ. ಅಳಿಸುವ ಖಂಡಗಳು ತೀರಾ ಕಡಿಮೆ ಎಂಬ ಅರ್ಥದ ಒಂದು ಸಾಲು ಸಿಗಬೇಕು.

ಲೆಕ್ಕ ಹೀಗಿದೆ. ಈ ಚಿಪ್‌ನ ರೂಢಿಯ ವಿಂಗಡಣೆಯಲ್ಲಿ ಬೂಟ್‌ಲೋಡರ್‌ಗೆ 192, ಅದರ ಪರಿಸರಕ್ಕೆ 64, ಫ್ಯಾಕ್ಟರಿ ವಿಭಾಗಕ್ಕೆ 64 ಕಿಲೋಬೈಟ್ ಹೋಗುತ್ತದೆ. 8192ರಲ್ಲಿ ಈ 320ನ್ನು ಕಳೆದರೆ ಫರ್ಮ್‌ವೇರ್‌ಗೆ 7872 ಕಿಲೋಬೈಟ್ ಉಳಿಯುತ್ತದೆ. ನಾರ್ ಫ್ಲ್ಯಾಷನ್ನು ಬೈಟ್ ಬೈಟಾಗಿ ಅಳಿಸಲಾಗದು, 64 ಕಿಲೋಬೈಟ್‌ನ ಖಂಡಗಳಾಗಿ ಅಳಿಸಬೇಕು. ಅಂದರೆ ನಿಮ್ಮ ಬಳಿ 123 ಖಂಡಗಳಿವೆ. ಮೊದಲ ಅಧಿಕೃತ ಇಮೇಜಿನಲ್ಲಿ ನಿಮಗೆ 704 ಕಿಲೋಬೈಟ್, ಅಂದರೆ 11 ಖಂಡಗಳು ಉಳಿದಿದ್ದವು. ಜೆಎಫ್‌ಎಫ್‌ಎಸ್2 ಕೆಲಸ ಮಾಡಬೇಕಾದರೆ ಕನಿಷ್ಠ 5 ಖಂಡಗಳು, ಅಂದರೆ 320 ಕಿಲೋಬೈಟ್ ಇರಲೇಬೇಕು. ಹಳೆಯ ಖಂಡಗಳನ್ನು ಶುಚಿಗೊಳಿಸಿ ಮರುಬಳಸಲು ಅದಕ್ಕೆ ತಿರುಗಾಡುವ ಜಾಗ ಬೇಕು. ಐದಕ್ಕಿಂತ ಕಡಿಮೆಯಾದರೆ ಅದು ಏಳುವುದೇ ಇಲ್ಲ. ಆಗ ವ್ಯವಸ್ಥೆ ರ‍್ಯಾಮ್‌ನಲ್ಲೇ ತಾತ್ಕಾಲಿಕ ಓವರ್‌ಲೇ ಮಾಡಿಕೊಂಡು ನಡೆಯುತ್ತದೆ. ವಿದ್ಯುತ್ ಹೋದರೆ ನಿಮ್ಮ ಬರಹವೆಲ್ಲ ಹೋಗುತ್ತದೆ. ಇಮೇಜ್ ಬಿಲ್ಡರ್ ದೂರು ಹೇಳದಿದ್ದದ್ದಕ್ಕೆ ಕಾರಣ, ಇಮೇಜ್ 7872ರೊಳಗೆ ಹಿಡಿಸಿತು ಎಂಬುದಷ್ಟೇ. ಸಂರಚನೆಗೆ ಎಷ್ಟು ಉಳಿಯಿತು ಎಂಬುದನ್ನು ಅದು ವಿಚಾರಿಸುವುದಿಲ್ಲ.

ಬರೆದವರು: ಕಿರುಪೆಟ್ಟಿಗೆ

ಸಾಲು ಸಿಕ್ಕಿತು. ಆವರಣದಲ್ಲಿ 4 ಎಂಬ ಸಂಖ್ಯೆಯೂ ಇತ್ತು. ಒಂದೇ ಒಂದು ಖಂಡದ ಕೊರತೆ! ಇನ್ನು ಏನನ್ನು ಬಿಡಬೇಕೆಂಬುದಕ್ಕೆ ನಿಮ್ಮ ಸಲಹೆ ಬೇಕು. ನನ್ನ ಮೋಡೆಮ್ ತಾನೇ ಸಂಪರ್ಕ ಸಾಧಿಸುವುದರಿಂದ ಪಿಪಿಪಿ ಬೇಡ. ಐಪಿವಿ6ಕ್ಕೆ (ಅಂತರ್ಜಾಲ ವಿಳಾಸಗಳ ಹೊಸ ಪದ್ಧತಿ) ಸೇರಿದ ಪ್ಯಾಕೇಜುಗಳನ್ನೂ ಬಿಡಬಹುದೆಂದು ಕೆಲವೆಡೆ ಓದಿದೆ. ವೈಫೈನ ಭದ್ರತೆ ನೋಡಿಕೊಳ್ಳುವ ಡಬ್ಲ್ಯೂಪ್ಯಾಡ್‌ನ ಬದಲು ಇನ್ನೂ ಚಿಕ್ಕದಾದ ಮಿನಿ ಆವೃತ್ತಿ ಇದೆಯಂತೆ.

ಬರೆದವರು: ಬೂಟುಹಾದಿ

ಐಪಿವಿ6 ಬಿಡಿ ಎಂದೇ ನಾನು ಹೇಳುತ್ತೇನೆ. ಇಂಥ ಯಂತ್ರದಲ್ಲಿ ಒಂದು ಖಂಡ ಉಳಿದರೂ ಅದು ದೊಡ್ಡದು. ನನ್ನ ಯಂತ್ರದಲ್ಲಿ ಅದನ್ನು ತೆಗೆದು ಎರಡು ವರ್ಷ ನಡೆಸಿದ್ದೇನೆ, ಕೊರತೆ ಕಂಡಿಲ್ಲ.

ಬರೆದವರು: ಸಾಲುಗಣ್ಣು

ಗೌರವದಿಂದಲೇ ಭಿನ್ನಾಭಿಪ್ರಾಯ ತಿಳಿಸುತ್ತೇನೆ. ಸೇವೆ ಕೊಡುವವರು ಐಪಿವಿ4 ವಿಳಾಸವನ್ನು ಹಲವು ಗ್ರಾಹಕರ ನಡುವೆ ಹಂಚಿ ಕೊಡುವ ಕಡೆ, ಹೊರಗಿನಿಂದ ನಿಮ್ಮ ವೈರ್‌ಗಾರ್ಡ್‌ಗೆ ತಲುಪಲು ಐಪಿವಿ6 ಒಂದೇ ನೇರ ದಾರಿಯಾಗಿರುತ್ತದೆ. ವೈರ್‌ಗಾರ್ಡ್‌ಗಾಗಿ ಜಾಗ ಮಾಡಲು ಅದಕ್ಕೆ ಬರುವ ದಾರಿಯನ್ನೇ ಕಡಿದಂತಾಗಬಾರದು. ನಿಮ್ಮ ಸಂಪರ್ಕದಲ್ಲಿ ಐಪಿವಿ6 ಬರುತ್ತದೆಯೇ ಎಂದು ಮೊದಲು ನೋಡಿ, ಬರುತ್ತಿದ್ದರೆ ಉಳಿಸಿಕೊಳ್ಳಿ.

ಡಬ್ಲ್ಯೂಪ್ಯಾಡ್ ಮಿನಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಖಚಿತ. ಅದರಲ್ಲಿ ವೈಫೈನ ಹೊಸ ಭದ್ರತಾ ವಿಧಾನವಾದ ಡಬ್ಲ್ಯೂಪಿಎ3 ಇಲ್ಲ. ಭದ್ರತೆಗಾಗಿಯೇ ಈ ಕೆಲಸಕ್ಕೆ ಇಳಿದಿದ್ದೀರಿ, ಕೆಲವು ಕಿಲೋಬೈಟ್‌ಗಳ ಆಸೆಗೆ ಅದನ್ನೇ ಬಿಟ್ಟುಕೊಡಬೇಡಿ. ಮೊದಲು ಹೋಗಬೇಕಾದವು ಅಂಕಿಅಂಶಗಳ ಪುಟಗಳು. ನಂತರ ಎಸ್‌ಕ್ಯೂಎಂ ನಿಜವಾಗಿ ಬೇಕೇ ಎಂದು ಯೋಚಿಸಿ. ಆಜ್ಞೆಗಳ ಸಾಲಿನಲ್ಲಿ ನಿಮಗೆ ಅಭ್ಯಾಸವಿದ್ದರೆ ಲೂಸಿಯನ್ನೇ ಪೂರ್ತಿ ಬಿಡಬಹುದು, ಯುಸಿಐ ಎಂಬ ಸಂರಚನೆಯ ಕಡತಗಳನ್ನು ಕೈಯಿಂದ ತಿದ್ದುವುದು ಕಷ್ಟವಲ್ಲ. ಲೂಸಿ ಹೋದರೆ ಉಳಿಯುವ ಜಾಗ ಬೇರೆಲ್ಲಕ್ಕಿಂತ ದೊಡ್ಡದು.

ಬರೆದವರು: ತಾಮ್ರತಂತಿ

ಎಸ್‌ಕ್ಯೂಎಂ ಕುರಿತು ಒಂದು ಮಾತು. ಸಾಲಿನಲ್ಲಿ ಪೊಟ್ಟಣಗಳು ಕಾಯುವುದರಿಂದ ಆಗುವ ವಿಳಂಬವನ್ನು ಅದು ಅದ್ಭುತವಾಗಿ ತಗ್ಗಿಸುತ್ತದೆ, ನಿಧಾನದ ಸಂಪರ್ಕವಿದ್ದವರಿಗೆ ನಾನು ಮೊದಲು ಸೂಚಿಸುವುದೇ ಅದನ್ನು. ಆದರೆ ಪ್ರತಿಯೊಂದು ಪೊಟ್ಟಣವೂ ಪ್ರೊಸೆಸರಿನ ಕೈ ದಾಟಿ ಹೋಗಬೇಕು. ನಿಮ್ಮ ಸಂಪರ್ಕ ಸೆಕೆಂಡಿಗೆ 100 ಮೆಗಾಬಿಟ್‌ನದ್ದಾದರೆ 580 ಮೆಗಾಹರ್ಟ್ಸ್‌ನ ಒಂದು ಕೋರ್‌ಗೆ ಎಸ್‌ಕ್ಯೂಎಂ ಬಳಸುವ ಕೇಕ್ ಎಂಬ ಕ್ರಮವಿಧಿ ಭಾರವಾಗುತ್ತದೆ. ಫ್ಲೋ ಆಫ್‌ಲೋಡಿಂಗ್ ಹಚ್ಚಿ ಭಾರ ಇಳಿಸೋಣವೆಂದರೆ, ಅದು ಪೊಟ್ಟಣಗಳನ್ನು ಒಳದಾರಿಯಿಂದ ದಾಟಿಸುವುದರಿಂದ ಎಸ್‌ಕ್ಯೂಎಂನ ಕೈಗೆ ಅವು ಸಿಗುವುದೇ ಇಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ವೈರ್‌ಗಾರ್ಡ್‌ನ ಗೂಢಲಿಪಿಯ ಕೆಲಸವೂ ಇದೇ ಕೋರ್‌ನ ಮೇಲೆ ಬೀಳುತ್ತದೆ ಎಂಬುದನ್ನು ನೆನಪಿಡಿ.

ರ‍್ಯಾಮ್‌ನ ಬಗ್ಗೆಯೂ ಜಾಗರೂಕರಾಗಿರಿ. ತಾತ್ಕಾಲಿಕ ಕೋಶ ರ‍್ಯಾಮ್‌ನಲ್ಲೇ ಇರುವುದರಿಂದ ಪ್ಯಾಕೇಜುಗಳ ಪಟ್ಟಿ ತರಿಸಿಕೊಂಡರೆ ಅದೂ, ಮೇಲ್ದರ್ಜೆಗೆ ಏರಿಸುವಾಗ ಇಮೇಜ್ ಕಡತವೂ ಆ 64 ಎಂಬಿಯಲ್ಲೇ ಕೂರುತ್ತವೆ. ಏರಿಸುವ ಮುನ್ನ ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿ, ಬೇಡದ ಸೇವೆಗಳನ್ನು ನಿಲ್ಲಿಸಿ. ಲಕ್ಷಗಟ್ಟಲೆ ಹೆಸರುಗಳಿರುವ ಜಾಹೀರಾತು ತಡೆಯ ಪಟ್ಟಿಗಳು ಈ ಯಂತ್ರಕ್ಕಲ್ಲ.

ಬರೆದವರು: ಹಳೆದೀಪ

ನಡುವೆ ಬರುವುದಕ್ಕೆ ಕ್ಷಮೆ ಇರಲಿ. ನನ್ನ ಬಳಿ 4 ಎಂಬಿ ಫ್ಲ್ಯಾಷ್, 32 ಎಂಬಿ ರ‍್ಯಾಮ್‌ನ ಹಳೆಯ ರೂಟರ್ ಇದೆ. ಇಮೇಜ್ ಬಿಲ್ಡರ್‌ನಲ್ಲಿ ಎಲ್ಲವನ್ನೂ ಕಳೆದರೆ ಅದಕ್ಕೂ 24.10 ಹಿಡಿಸಬಹುದೇ?

ಬರೆದವರು: ತಾಮ್ರತಂತಿ

ಇಲ್ಲ, ದಯವಿಟ್ಟು ಅದಕ್ಕೆ ಸಮಯ ವ್ಯಯಿಸಬೇಡಿ. ಅಂಥ ಯಂತ್ರಗಳಿಗೆ ಇಮೇಜ್ ಸಿಕ್ಕ ಕೊನೆಯ ಆವೃತ್ತಿ 19.07. ಅದರ ಬೆಂಬಲ 2022ರಲ್ಲಿ ಮುಗಿಯಿತು. 21.02ರಿಂದ 8 ಮತ್ತು 64 ಎಂಬಿಯೇ ಕನಿಷ್ಠ. ಫ್ಲ್ಯಾಷ್‌ಗೆ ಹೇಗಾದರೂ ತುರುಕಿದರೂ 32 ಎಂಬಿ ರ‍್ಯಾಮ್‌ನಲ್ಲಿ ವೈಫೈ ಹಚ್ಚಿದೊಡನೆ ಕರ್ನಲ್ ಪ್ರಕ್ರಿಯೆಗಳನ್ನು ಕೊಲ್ಲತೊಡಗುತ್ತದೆ.

ಬರೆದವರು: ಕಿರುಪೆಟ್ಟಿಗೆ

ವಾರದ ನಂತರ ವರದಿ ಒಪ್ಪಿಸುತ್ತಿದ್ದೇನೆ.

ನನ್ನ ಸಂಪರ್ಕದಲ್ಲಿ ಐಪಿವಿ6 ಬರುತ್ತಿದೆ, ಆದ್ದರಿಂದ ಉಳಿಸಿಕೊಂಡೆ. ಡಬ್ಲ್ಯೂಪ್ಯಾಡ್‌ನ ಮೂಲ ಪ್ಯಾಕೇಜನ್ನೂ ಮುಟ್ಟಲಿಲ್ಲ. ಪಿಪಿಪಿ, ಎಸ್‌ಕ್ಯೂಎಂ, ಅಂಕಿಅಂಶಗಳ ಪುಟಗಳು ಹೋದವು. ಲೂಸಿ ಉಳಿದಿದೆ, ಆದರೆ ಅದರ ವೈರ್‌ಗಾರ್ಡ್ ಪುಟ ಇಲ್ಲ. ಸುರಂಗವನ್ನು ಒಮ್ಮೆ ಯುಸಿಐ ಕಡತದಲ್ಲಿ ಬರೆದಿಟ್ಟರೆ ಮತ್ತೆ ನೋಡುವ ಅಗತ್ಯವೇ ಬರುವುದಿಲ್ಲ. ಈಗ ಓವರ್‌ಲೇಗೆ 9 ಖಂಡಗಳು, 576 ಕಿಲೋಬೈಟ್ ಉಳಿದಿವೆ. ಆರು ಬಾರಿ ವಿದ್ಯುತ್ ಕಿತ್ತು ನೋಡಿದೆ, ಪ್ರತಿ ಬಾರಿಯೂ ಸಂರಚನೆ ಹಾಗೆಯೇ ಇತ್ತು. ಸಾಫ್ಟ್‌ವೇರ್ ಆಫ್‌ಲೋಡಿಂಗ್ ಹಚ್ಚಿದ್ದೇನೆ, ತಂತಿಯಲ್ಲಿ ಪೋರ್ಟಿನ ಪೂರ್ಣ ವೇಗ ಸಿಗುತ್ತಿದೆ. ಹೊರಗಿನಿಂದ ಐಪಿವಿ6 ಮೂಲಕ ಸುರಂಗಕ್ಕೆ ತಲುಪಲು ಆಗುತ್ತಿದೆ. ಆ ದಾರಿಯನ್ನು ಕಡಿಯದಂತೆ ತಡೆದದ್ದಕ್ಕೆ ಸಾಲುಗಣ್ಣು ಅವರಿಗೆ ವಿಶೇಷ ಕೃತಜ್ಞತೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಓಪನ್‌ಡಬ್ಲ್ಯೂಆರ್‌ಟಿಯ ಮುಂದಿನ ಆವೃತ್ತಿ ಬಂದಾಗ ಅಧಿಕೃತ ಸಿಸ್‌ಅಪ್‌ಗ್ರೇಡ್ ಇಮೇಜನ್ನೇ ಹಾಕಿದರೆ ವೈರ್‌ಗಾರ್ಡ್ ಉಳಿಯುತ್ತದೆಯೇ?

ಬರೆದವರು: ತಾಮ್ರತಂತಿ

ಉಳಿಯುವುದಿಲ್ಲ. ಸಂರಚನೆಯ ಕಡತಗಳು ಉಳಿಯುತ್ತವೆ, ಪ್ಯಾಕೇಜುಗಳು ಹೋಗುತ್ತವೆ. ಇಮೇಜ್ ಬಿಲ್ಡರ್‌ಗೆ ಕೊಟ್ಟ ಪಟ್ಟಿಯನ್ನು ಕೂಡಿಸಿದ್ದು ಯಾವುದು, ಕಳೆದದ್ದು ಯಾವುದು ಎಂಬ ಸಮೇತ ಒಂದು ಕಡತದಲ್ಲಿ ಬರೆದಿಟ್ಟು, ಫ್ಲ್ಯಾಷ್‌ನ ನಕಲಿನ ಪಕ್ಕದಲ್ಲೇ ಇಡಿ. ಹೊಸ ಆವೃತ್ತಿ ಬಂದಾಗ ಅದರದೇ ಇಮೇಜ್ ಬಿಲ್ಡರ್ ಇಳಿಸಿಕೊಂಡು ಅದೇ ಪಟ್ಟಿಯನ್ನು ಕೊಟ್ಟು ಕಟ್ಟಿ, ಆಮೇಲೆ ಖಂಡಗಳನ್ನು ಮತ್ತೊಮ್ಮೆ ಎಣಿಸಿ. ಕರ್ನಲ್ ಪ್ರತಿ ಪ್ರಮುಖ ಆವೃತ್ತಿಯಲ್ಲೂ ಬೆಳೆಯುತ್ತಲೇ ಇದೆ. 22.03ರಲ್ಲಿ 5.10 ಇದ್ದದ್ದು 23.05ರಲ್ಲಿ 5.15 ಆಗಿ 24.10ರಲ್ಲಿ 6.6ಕ್ಕೆ ಬಂದಿದೆ, ಅದರ ಭಾರ ನಿಮ್ಮ 9 ಖಂಡಗಳಿಂದಲೇ ಕಡಿತವಾಗುತ್ತದೆ. ಅಭಿವೃದ್ಧಿಯ ಶಾಖೆಯಲ್ಲಿ 2024ರ ನವೆಂಬರ್‌ನಿಂದ ಓಪಿಕೆಜಿಯ ಜಾಗಕ್ಕೆ ಎಪಿಕೆ ಎಂಬ ಬೇರೊಂದು ಪ್ಯಾಕೇಜ್ ಸಾಧನ ಬಂದಿರುವುದರಿಂದ ಮುಂದಿನ ಪ್ರಮುಖ ಆವೃತ್ತಿಗೆ ಹೋಗುವಾಗ ಅದರ ಆಜ್ಞೆಗಳನ್ನು ಒಮ್ಮೆ ಓದಿಕೊಳ್ಳಿ.

ಇಮೇಜ್ ಬಿಲ್ಡರ್‌ಗೆ ನಿಮ್ಮ ಸಂರಚನೆಯ ಕಡತಗಳನ್ನೂ ಕೊಟ್ಟು ಕಲ್ಲಿನಲ್ಲೇ ಕೆತ್ತಿಸಬಹುದು. ಓವರ್‌ಲೇ ತೀರಾ ಬಿಗಿಯಾದ ದಿನ ಅದು ಉಪಯೋಗಕ್ಕೆ ಬರುತ್ತದೆ. ಹಾಗೆ ಮಾಡಿದರೆ ವೈಫೈ ಗುಪ್ತಪದ ಮತ್ತು ವೈರ್‌ಗಾರ್ಡ್‌ನ ಖಾಸಗಿ ಕೀಲಿ ಆ ಇಮೇಜಿನೊಳಗೇ ಇರುತ್ತವೆ, ಆದ್ದರಿಂದ ಅದನ್ನು ಯಾರ ಜೊತೆಗೂ ಹಂಚಿಕೊಳ್ಳಬೇಡಿ.

ಬರೆದವರು: ಕಿರುಪೆಟ್ಟಿಗೆ

ಪಟ್ಟಿಯನ್ನು ಈಗಷ್ಟೇ ಬರೆದಿಟ್ಟೆ. ಸೀರಿಯಲ್ ತಂತಿಯನ್ನು ಬೋರ್ಡಿನಲ್ಲೇ ಬಿಟ್ಟು, ಕವಚದ ಗಾಳಿಕಿಂಡಿಯಿಂದ ಹೊರತಂದಿದ್ದೇನೆ. ವಿದ್ಯುತ್ತಿನ ಕಾಲಿಗೆ ಏನನ್ನೂ ಜೋಡಿಸಿಲ್ಲ. ತುದಿಗೆ 57600 ಎಂದು ಬರೆದ ಚೀಟಿ ಅಂಟಿಸಿದೆ.